ಫಾಲ್ಸಿಗೆ ಮೂರು ಮಂದಿ

ನಮ್ಮ ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ಪಾರ್ಲರಿನಲ್ಲಿ ನಿಲ್ಲಿಸುತ್ತಿದ್ದರು. ಪಾರ್ಲರ್ ಅಂದರೆ ಈಗಿನ ಹುಡುಗಿಯರು ಹುಬ್ಬು ತೀಡಿಸಿಕೊಳ್ಳುವ ಪಾರ್ಲರ್ ಅಲ್ಲ, ಹೊರಗಿನಿಂದ ಬಂದವರನ್ನು ಕೂಡಿಸುವ ಕೋಣೆ. ಅಲ್ಲಿ ಬೆತ್ತದ ಕುರ್ಚಿಗಳು, ಒಂದು ಗೋಡೆಗೆ ಯೇಸುವಿನ ಪಟ, ಅದರ ಎದುರು ಗೋಡೆಗೆ ಕಪ್ಪು ಫ್ರೇಮಿನಲ್ಲಿ ದೊಡ್ಡದೊಂದು ಫೋಟೊ. ಕೆಳಗೆ ಇಂಗ್ಲಿಷಿನಲ್ಲಿ ‘ಗೋಕಾಕ್ ಫಾಲ್ಸ್’ ಅಂತ ಬರೆದಿತ್ತು. ತಪ್ಪು ಮಾಡಿದ ಹುಡುಗಿ ಯೇಸುವಿನ ಕಡೆ ಮುಖ ಮಾಡಿ ನಿಲ್ಲಬೇಕು ಎಂಬುದು ರೂಲ್. ಸಿಸ್ಟರ್ ಆ ಕಡೆ ಹೋದದ್ದೇ ತಡ, ನಾನು ಹಿಂದಕ್ಕೆ ತಿರುಗಿ ನಿಲ್ಲುತ್ತಿದ್ದೆ.

ಬಿಜಾಪುರದ ಹುಡುಗಿ ನಾನು. ಈಗ ವಿಜಯಪುರ ಅಂತ ಬರೆಯುತ್ತಾರೆ, ನನ್ನ ಬಾಯಿಗೆ ಇನ್ನೂ ಬರುವುದಿಲ್ಲ. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನಳಕ್ಕೆ ನೀರು ಬಂತೆಂದರೆ ಓಣಿಗೆ ಓಣಿಯೇ ಕೊಡ ಹಿಡಿದು ಓಡುತ್ತಿತ್ತು. ಅಪ್ಪ ಕೋರ್ಟಿನಲ್ಲಿ ಶಿರಸ್ತೇದಾರರು, ಮನೆಯಲ್ಲಿ ನೀರಿನ ಶಿರಸ್ತೇದಾರಿಕೆ ಅವ್ವನದು. ಅಕ್ಕಿ ತೊಳೆದ ನೀರು ಆಕಳ ಬಾನಿಗೆ, ಮುಖ ತೊಳೆದ ನೀರು ಕರಿಬೇವಿನ ಗಿಡಕ್ಕೆ. ಒಂದು ತಂಬಿಗೆ ಹೆಚ್ಚಿಗೆ ಸುರುವಿಕೊಂಡರೆ, “ನಿಮ್ಮಪ್ಪ ಹೊಳಿ ತಂದು ಹಿತ್ತಲದಾಗ ಕಟ್ಯಾನೇನ ಬೇ?” ಅಂತ ಬೈಗುಳ. ಅಂಥ ಮನೆಯ ಕೂಸಿಗೆ, ಯಾರೂ ಕೊಡ ಹಿಡಿಯದ, ಯಾರೂ ಪಾಳಿ ಹಚ್ಚದ ಅಷ್ಟು ನೀರು ಬೇಕಾಬಿಟ್ಟಿಯಾಗಿ ಬಂಡೆಯ ಮೇಲಿಂದ ಸುರಿಯುವುದು ಕಂಡರೆ ಏನಾಗಬೇಡ? ಆ ಫೋಟೊ ನೋಡುವ ಸಲುವಾಗಿಯೇ ನಾನು ಒಮ್ಮೊಮ್ಮೆ ಸಿಸ್ಟರ್ ಕಿವಿಗೆ ಬೀಳುವ ಹಾಗೆ ಕನ್ನಡ ಮಾತಾಡುತ್ತಿದ್ದೆ.

ಒಂದು ದಿನ ಸಿಕ್ಕಿಬಿದ್ದೆ. ಮಂಗಳೂರು ಕಡೆಯ ಸಿಸ್ಟರ್ ಒಬ್ಬರು ಸದ್ದಿಲ್ಲದೆ ಹಿಂದೆ ಬಂದು ನಿಂತಿದ್ದರು. ಕಿವಿ ಹಿಂಡುತ್ತಾರೆ ಅಂದುಕೊಂಡೆ. ಅವರೂ ನನ್ನ ಜೊತೆ ಫೋಟೊ ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ, “ಇದರಲ್ಲಿ ಸೌಂಡ್ ಒಂದಿಲ್ಲ ನೋಡು, ಚೈಲ್ಡ್” ಅಂದರು.

“ಎಷ್ಟು ಸೌಂಡ್ ಇರುತ್ತದೆ, ಸಿಸ್ಟರ್?”

“ಪಕ್ಕದಲ್ಲಿ ನಿಂತವರ ಪ್ರೇಯರ್ ನಿನಗೆ ಕೇಳಿಸಬಾರದು, ಅಷ್ಟು.”

ಅಂದಿನಿಂದ ನನಗೆ ಆ ಫಾಲ್ಸ್ ನೋಡುವುದಕ್ಕಿಂತ ಕೇಳುವ ಆಸೆ ಹೆಚ್ಚಾಯಿತು. ಮನೆಯಲ್ಲಿ ಅಪ್ಪನಿಗೆ ಗಂಟು ಬಿದ್ದರೆ ಅವರದು ಒಂದೇ ಮಾತು: “ದೊಡ್ಡಾಕಿ ಆಗು, ಗಂಡನ ಜೋಡಿ ಹೋಗೀಯಂತ.” ಆ ಕಾಲದಲ್ಲಿ ಹೆಣ್ಣುಮಕ್ಕಳ ಆಸೆಗಳನ್ನೆಲ್ಲ ಇನ್ನೂ ಕಣ್ಣಿಗೆ ಕಾಣದ ಗಂಡನ ಹೆಗಲಿಗೆ ಹೇರಿ ಕೈ ತೊಳೆದುಕೊಳ್ಳುತ್ತಿದ್ದರು. ಸೀರೆ ಬೇಕೇ, ಗಂಡ ಕೊಡಿಸುತ್ತಾನೆ. ಫಾಲ್ಸ್ ಬೇಕೇ, ಗಂಡ ತೋರಿಸುತ್ತಾನೆ.

ಆ ಗಂಡ ಬಂದದ್ದು ಎಪ್ಪತ್ತರ ದಶಕದ ಮೊದಮೊದಲ ವರ್ಷಗಳಲ್ಲಿ. ಊರು ತಿಕೋಟಾ, ಕೆಲಸ ಬಬಲೇಶ್ವರದ ಹೈಸ್ಕೂಲಿನಲ್ಲಿ, ಗಣಿತದ ಮಾಸ್ತರ. ನನ್ನನ್ನು ನೋಡಲು ಬಂದಾಗ ಅವರ ಅವ್ವ, ಅಂದರೆ ಆಮೇಲೆ ನನ್ನ ಅತ್ತೆಯಾದವರು, ಅವಲಕ್ಕಿ ತಟ್ಟೆ ಪಕ್ಕಕ್ಕಿಟ್ಟು ಮೊದಲು ಕೇಳಿದ್ದೇ ಇದು:

“ಇಂಗ್ಲಿಷ್ ಕಲ್ತಾಕಿ ಅಂತೀರಿ. ಜ್ವಾಳದ ರೊಟ್ಟಿ ಬಡೀತಾಳೇನ್ರಿ?”

“ಬಡೀತಾಳ್ರಿ,” ಅಂದಳು ನಮ್ಮವ್ವ. “ಅಕಿ ಬಡದ ರೊಟ್ಟಿ ಹಂಚಿನ ಮ್ಯಾಲ ಗುಮ್ಮಟ ಆಗತಾವ್ರಿ.” ಅಷ್ಟು ಸುಳ್ಳು ಅವ್ವ ಜನ್ಮದಲ್ಲಿ ಹೇಳಿರಲಿಲ್ಲ.

ಮಾಸ್ತರರು ನನ್ನತ್ತ ತಿರುಗಿ, “ನಿಮಗೇನರ ಕೇಳೂದೈತೇನ್ರಿ?” ಅಂದರು. ಹುಡುಗಿಯನ್ನು ಹಾಗೆ ಕೇಳುವವರು ಆಗ ಕಡಿಮೆ. ನನ್ನ ಬಾಯಿಂದ ತಾನೇ ಹೊರಬಿತ್ತು:

“ಗೋಕಾಕ ಫಾಲ್ಸ್ ನೋಡೀರೇನ್ರಿ?”

ಅವರ ಸೋದರಮಾವ ಬಾಯ್ತುಂಬ ನಕ್ಕು, “ಹುಡುಗಿಗಿ ವರ ಬೇಕೋ ನೀರು ಬೇಕೋ, ಮದ್ಲ ಅದನ್ನ ಕೇಳ್ರಿ!” ಅಂದರು. ಮಾಸ್ತರರು ನಗಲಿಲ್ಲ. ಲೆಕ್ಕ ತಪ್ಪಿದ ವಿದ್ಯಾರ್ಥಿಯ ಹಾಗೆ ಒಂದಿಷ್ಟು ನಾಚಿ, “ಇಲ್ರಿ, ನಾನೂ ನೋಡಿಲ್ಲ. ಕೂಡೇ ನೋಡೂಣು,” ಅಂದರು. ನನ್ನ ಮಟ್ಟಿಗೆ ಮದುವೆ ಅಲ್ಲಿಯೇ ಆಗಿಹೋಯಿತು. ಅಕ್ಕಿಕಾಳು ಬಿದ್ದದ್ದು ಚೈತ್ರದಲ್ಲಿ.

ಆಷಾಢದಲ್ಲಿ ಹೊಸ ಸೊಸೆ ತವರಿನಲ್ಲಿರಬೇಕಲ್ಲ, ನಾನು ಬಿಜಾಪುರಕ್ಕೆ ಬಂದೆ. ಬಂದ ಎರಡನೇ ಶನಿವಾರವೇ ಮಾಸ್ತರರು ಸಾಲಿಗೆ ಸೀಮೆಸುಣ್ಣ ಒಯ್ಯುವ ನೆಪ ಮಾಡಿಕೊಂಡು ಹಾಜರು. ಮಾವನ ಮನೆಯಲ್ಲಿ ಹೆಂಡತಿಯ ಜೊತೆ ಮಾತಾಡಲು ಮುಜುಗರ. ಗೋಳಗುಮ್ಮಟ ತೋರಿಸಿಕೊಂಡು ಬರುತ್ತೇನೆ ಅಂತ ನನ್ನನ್ನು ಕರೆದೊಯ್ದರು. ಹುಟ್ಟಿದಾಗಿನಿಂದ ಗುಮ್ಮಟದ ನೆರಳಿನಲ್ಲಿ ಬೆಳೆದವಳಿಗೆ! ಮೇಲಿನ ಗ್ಯಾಲರಿಯಲ್ಲಿ ಅವರು ಆ ಕಡೆಯ ಗೋಡೆಗೆ ಕಿವಿ ಹಚ್ಚಿ ಕೂತರು, ನಾನು ಈ ಕಡೆ. ನಡುವೆ ಅಷ್ಟು ದೊಡ್ಡ ಬಯಲು. ಅಲ್ಲಿ ಅವರು ಪಿಸುಗುಟ್ಟಿದ್ದು ಇಲ್ಲಿ ನನ್ನ ಕಿವಿಯೊಳಗೇ ಬಾಯಿಟ್ಟು ಹೇಳಿದ ಹಾಗೆ ಬಂತು.

“ಬಾಯಾರ, ಶ್ರಾವಣದಾಗ ಗೋಕಾಕ.”

ಇಂಗ್ಲಿಷ್ ಕಲಿತವಳೆಂದು ಅವರು ನನ್ನನ್ನು ಬಾಯಾರ ಅಂತ ಚಾಷ್ಟಿ ಮಾಡುತ್ತಿದ್ದರು, ಸಾಲಿಯ ಹೆಣ್ಣು ಟೀಚರನ್ನು ಕರೆದ ಹಾಗೆ. “ಪ್ರಾಮಿಸ್?” ಅಂದೆ ನಾನು, ತುಸು ಜೋರಾಗಿ. ಗುಮ್ಮಟವೇ ಮೇಲಿಂದ ಪ್ರಾಮಿಸ್, ಪ್ರಾಮಿಸ್ ಅಂತ ಅಂದು ಅಂದು ಸುಮ್ಮನಾಯಿತು.

ಶ್ರಾವಣ ಬರುವಷ್ಟರಲ್ಲಿ ನನಗೆ ಮೂರು ತಿಂಗಳು.

ಸುದ್ದಿ ಕೇಳಿ ಅತ್ತೆ ತಿಕೋಟಾದಿಂದ ಬಬಲೇಶ್ವರಕ್ಕೆ ಬಂದಿಳಿದರು. ಮಾವ ಹೊಲ ನೋಡಿಕೊಂಡು ಊರಲ್ಲೇ ಉಳಿದರು. ಎರಡು ಕೋಣೆಯ ನಮ್ಮ ಬಾಡಿಗೆ ಮನೆಯಲ್ಲಿ ಅತ್ತೆ ಬಂದೊಡನೆ ಕಂಡದ್ದು ಮೂಲೆಯಲ್ಲಿ ನಾನು ಕಟ್ಟಿಟ್ಟಿದ್ದ ಚೀಲ.

“ಎಲ್ಲಿಗಿ ಹೊಂಟೀರಿ?”

“ಗೋಕಾಕಕ್ರಿ, ಅತ್ತಿ. ಈ ರವಿವಾರ.”

“ಹುಚ್ಚಿ ಅದೀಯೇನ ಬೇ? ಹೊಟ್ಟೀಲೆ ಇದ್ದಾಕಿ ಹೊಳಿ ದಾಟತಾರೇನು?”

ನಮ್ಮ ಕಡೆ ಅದೊಂದು ಕಟ್ಟು. ಬಸುರಿಯಾದವಳು ಹೊಳೆ ದಾಟಬಾರದು. ಗೋಕಾಕಕ್ಕೆ ಹೋಗಬೇಕೆಂದರೆ ಜಮಖಂಡಿಗೆ ಮೊದಲೇ ಕೃಷ್ಣಾ ದಾಟಬೇಕು, ಮುಂದೆ ಘಟಪ್ರಭಾ. ಸಿಸ್ಟರ್‌ಗಳ ಕೈಯಲ್ಲಿ ಸೈನ್ಸ್ ಕಲಿತವಳು ನಾನು, ಆದರೂ ಎದುರಾಡಲಿಲ್ಲ. ಹೊಟ್ಟೆಯಲ್ಲಿ ಒಂದು ಜೀವ ಇದ್ದಾಗ ಯಾರ ಮಾತು ಸುಳ್ಳು ಅಂತ ಪರೀಕ್ಷೆ ಮಾಡಿ ನೋಡುವ ಧೈರ್ಯ ಯಾರಿಗೂ ಇರುವುದಿಲ್ಲ. ನನ್ನ ಮುಖ ಸಣ್ಣದಾದದ್ದು ಕಂಡು ಅತ್ತೆ ಮೆತ್ತಗಾದರು. “ಫಾಲ್ಸ್ ಎಲ್ಲಿ ಓಡಿ ಹೊಕ್ಕೈತಿ ಬೇ? ಕೂಸಿನ ಕರಕೊಂಡು ಹೋಗೀರಂತ. ಮೂರು ಮಂದಿ ಆಗ್ರಿ.”

“ಹೌದ ನೋಡು,” ಅಂದರು ಮಾಸ್ತರರು. “ಎರಡಲ್ಲ, ಮೂರು ಟಿಕೀಟ.”

“ಕೂಸಿಗೆ ಟಿಕೀಟ ಇರೂದಿಲ್ರಿ, ಲೆಕ್ಕದ ಮಾಸ್ತರ!” ಅಂದೆ ನಾನು. ಮೂವರೂ ನಕ್ಕೆವು.

ಅಲ್ಲಿಂದ ಮುಂದೆ ಆ ಫಾಲ್ಸ್ ನನ್ನೊಬ್ಬಳದಾಗಿ ಉಳಿಯಲಿಲ್ಲ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ನಾನು ಕೂಸಿಗೆ ಅದನ್ನು ಹೇಳುತ್ತಿದ್ದೆ, ಅರ್ಧ ಇಂಗ್ಲಿಷ್, ಅರ್ಧ ನಮ್ಮ ಮಾತು. “ಯೂ ಸೀ, ಪುಟ್ಟಿ, ನೀರು ಹಾಲಿನಂಗ ಬೆಳ್ಳಗ ಇರತೈತಿ. ಅಲ್ಲೊಂದು ತೂಗು ಸೇತುವಿ ಐತಿ. ಅದರ ಮ್ಯಾಲ ನಿನ್ನ ಅಪ್ಪ ನಿನ್ನ ಎತಗೊಂಡು ನಿಲ್ಲತಾನ. ನಾ ಅಂಜತೀನಿ, ನಾ ದಂಡಿಗೆ.” ಯಾಕೋ ಏನೋ, ಹೆಣ್ಣೇ ಅಂತ ಮೊದಲಿನಿಂದಲೂ ನನಗೆ ಖಾತ್ರಿ. ಅತ್ತೆ ತಮ್ಮ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗು ಕತ್ತರಿಸಿ ಕುಂಚಿಗೆ ಹೊಲಿಯತೊಡಗಿದರು. ಕುಂಚಿಗೆ ಅಂದರೆ ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಬಿಡುವ ಟೊಪ್ಪಿಗೆ. ನೆತ್ತಿಗೆ ಒಂದು ಗೊಂಡೆ, ಅಂಚಿಗೆ ದೃಷ್ಟಿಗೆಂದು ಕರಿಮಣಿ. “ಫಾಲ್ಸಿನ ಗಾಳಿಗಿ ಕಿವಿ ಮುಚ್ಚಬೇಕಲ್ಲ,” ಅನ್ನುತ್ತಿದ್ದರು.

ಕುಬಸದ ದಿನ, ಅಂದರೆ ಸೀಮಂತದ ದಿನ, ಅವ್ವ ಬಿಜಾಪುರದಿಂದ ಹಸಿರು ಸೀರೆ, ಹಸಿರು ಬಳೆ ತಂದು ನನಗೆ ಉಡಿ ತುಂಬಿ, ಹೆರಿಗೆಗೆ ಕರೆದುಕೊಂಡು ಹೋಗಲು ನಿಂತಳು. ಆಗ ಎದ್ದಿತು ಡೋಣಿಯ ಪ್ರಶ್ನೆ. ಬಬಲೇಶ್ವರದಿಂದ ಬಿಜಾಪುರಕ್ಕೆ ಹೋಗುವ ದಾರಿಯಲ್ಲಿ ಡೋಣಿ ಹೊಳೆ ಅಡ್ಡ ಬರುತ್ತದೆ. ಅವ್ವ ಅನುಮಾನಿಸಿದಳು: “ಅಲ್ರಿ ಬೀಗತಿ, ಕೃಷ್ಣಾ ದಾಟಬಾರದು ಅಂದ್ರಿ. ಡೋಣಿ?”

ಅತ್ತೆ ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು ತೀರ್ಪು ಕೊಟ್ಟರು. “ಡೋಣಿ ಹೊಳಿ ಅಲ್ರಿ, ಹಳ್ಳ. ಸವಳು ನೀರು, ದನಾನೂ ಮೂಸೂದಿಲ್ಲ. ಕೊಡಕ್ಕ ಬರದ ನೀರಿಗಿ ಹೊಳಿ ಅಂತಾರೇನು? ಈ ಸೀಮ್ಯಾಗಿನ ಹೆಣ್ಣಮಕ್ಕಳು ಅದನ್ನ ದಾಟೇ ಹಡ್ಯಾಕ ಹೋಗ್ಯಾರ.”

ಮಾಸ್ತರರು ಬಿಡಬೇಕಲ್ಲ. “ಅವ್ವಾ, ಡೋಣಿ ಹರಿದ್ರ ಓಣೆಲ್ಲ ಜ್ವಾಳ ಅಂತೀದಿ. ತುಂಬಿ ಬಂದಾಗ ಡೋಣೆವ್ವ ಅಂತ ಹೋಗಿ ಉಡಿ ತುಂಬತೀದಿ. ಆವಾಗ ಹೊಳಿ, ಸೊಸಿ ದಾಟುಮುಂದ ಹಳ್ಳ?”

“ಲೇ ಮಾಸ್ತರ, ನಿನ್ನ ಲೆಕ್ಕ ಸಾಲ್ಯಾಗಿರಲಿ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಬಸ್ಸು ಡೋಣಿ ದಾಟುವಾಗ ಕಿಟಕಿಯಿಂದ ನೋಡಿದೆ. ಕರಿ ಮಣ್ಣಿನ ದಂಡೆ, ನಡುವೆ ಒಂದು ಎಳೆ ನೀರು, ಅದರಲ್ಲಿ ಒಂಟಿ ಕಾಲಿನ ಮೇಲೆ ನಿಂತ ಬೆಳ್ಳಕ್ಕಿ. ಹಳ್ಳವೇ ಸರಿ.

ಮುಂದಿನದನ್ನು ಉದ್ದಕ್ಕೆ ಬರೆಯಲಾರೆ. ದವಾಖಾನೆಯಲ್ಲಿ ಹೆರಿಗೆಯಾಯಿತು. ಕೂಸು ಅಳಲಿಲ್ಲ. ನಾನು ಕಾದೆ. ನರ್ಸು ಬೆನ್ನು ತಟ್ಟುವ ಸದ್ದು ಕೇಳಿತು, ಟ್ರೇಯ ಸದ್ದು ಕೇಳಿತು, ಹೊರಗೆ ಟಾಂಗಾದ ಗಂಟೆಯ ಸದ್ದೂ ಕೇಳಿತು, ಅದೊಂದು ಸದ್ದು ಬರಲಿಲ್ಲ. ಹೊಕ್ಕಳ ಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತು, ಯಾರದೂ ತಪ್ಪಿಲ್ಲ, ಅಂದರು ಡಾಕ್ಟರಮ್ಮ, ನನ್ನ ತಲೆಯ ಮೇಲೆ ಕೈ ಇಟ್ಟುಕೊಂಡೇ. ಹೆಣ್ಣು ಕೂಸು. ಮಾಸ್ತರರು ಅದನ್ನು ಟವೆಲಿನಲ್ಲಿ ಸುತ್ತಿ ಅಪ್ಪನ ಜೊತೆ ಒಯ್ದರು. ಎಲ್ಲಿ ಇಟ್ಟರೆಂದು ಹೆಂಗಸರಿಗೆ ಹೇಳುವ ರೂಢಿ ಇಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಈ ಬರಹದಲ್ಲಿ ನಾನು ಯಾರ ಹೆಸರನ್ನೂ ಬರೆದಿಲ್ಲ, ಬೇಕಂತಲೇ ಬಿಟ್ಟಿದ್ದೇನೆ. ಅವಳೊಬ್ಬಳ ಹೆಸರು ಮಾತ್ರ ಬರೆಯಬೇಕೆಂದರೂ ಇಲ್ಲ. ಹೆಸರಿಡುವುದು ತೊಟ್ಟಿಲ ದಿನ.

ಎದೆಯ ಹಾಲು ಇಂಗಲು ಬಿಗಿಯಾಗಿ ಬಟ್ಟೆ ಕಟ್ಟಿದ್ದರು. ಆ ಸ್ಥಿತಿಯಲ್ಲೇ ನಾನು ಮತ್ತೆ ಡೋಣಿ ದಾಟಿ ಬಬಲೇಶ್ವರಕ್ಕೆ ಬಂದೆ.

ಅತ್ತೆ ನನಗೊಂದು ಬಿರುನುಡಿ ಆಡಲಿಲ್ಲ. ಆದರೆ ಅವರ ಮಾತೇ ಕಡಿಮೆಯಾಯಿತು. ಕೇರುವ ಮೊರ ಕೈಯಲ್ಲೇ ಇರುತ್ತಿತ್ತು, ಕಣ್ಣು ಬೀದಿಗೆ. ಒಂದು ದಿನ ನನ್ನ ಹೆರಳು ಹಾಕುತ್ತ ಹಿಂದಿನಿಂದ ಅಂದರು:

“ಅಕಿನ್ನ ಹಳ್ಳ ಅಂದೆ ನೋಡ ಬೇ. ಅಕಿ ಕೇಳಿಸ್ಕೊಂಡ್ಳು.”

ಯಾರ ಮಾತು ಅಂತ ತಿಳಿಯಲು ನನಗೆ ತುಸು ಹೊತ್ತು ಬೇಕಾಯಿತು. “ಅತ್ತಿ, ಡೋಣಿ ಏನ ಮಾಡ್ಯಾಳ್ರಿ? ಬಳ್ಳಿ ಕೊರಳಿಗಿ ಸುತ್ತಿತ್ತು ಅಂತ ಡಾಕ್ಟರ್ ಹೇಳ್ಯಾರಲ್ಲ.”

“ಸುತ್ತಿದವರ್ಯಾರು?”

ಮರುದಿನ ಅವರು ಬರಿಗಾಲಿನಲ್ಲಿ ಡೋಣಿಯ ತನಕ ನಡೆದು ಹೋಗಿ, ಉಡಿ ತುಂಬಿ ಬಂದರು. ಬಿಸಿಲಿಗೆ ಅಂಗಾಲು ಬೊಬ್ಬೆ ಎದ್ದಿದ್ದವು. ಮಾಸ್ತರರು ಕೊಬ್ಬರಿ ಎಣ್ಣೆ ಹಚ್ಚುತ್ತ ಕೂತರು.

ಮತ್ತೆ ಶ್ರಾವಣ ಬಂತು. ಘಟ್ಟದಲ್ಲಿ ಮಳೆ ಜೋರಾಗಿದೆ, ಗೋಕಾಕದಲ್ಲಿ ನೀರು ತುಂಬಿ ಬೀಳುತ್ತಿದೆ ಅಂತ ಸಾಲಿಯಲ್ಲಿ ಯಾರೋ ಹೇಳಿದರಂತೆ. ಮಾಸ್ತರರು ಮನೆಯಲ್ಲಿ ಬಾಯಿಬಿಡಲಿಲ್ಲ. ಹೊರಡಿಸಿದವರು ಅತ್ತೆ.

“ನಾನs ತಡದೆ, ನಾನs ಕಳಸ್ತೀನಿ. ಹೋಗಿ ಬರ್ರಿ. ಹೊಳಿ ದಂಡಿಗೆ ಕೂಸಿನ ಕರಕೊಂಡು ಬರತೀವು ಅಂತ ಮನಸಿನಾಗ ಅಂದಿದ್ದೆ. ಅಂದ ಮಾತು ಇಟಗೋಬಾರದು. ಹೊಳಿಗಿ ಉಡಿನರ ಮುಟ್ಟಲಿ.”

ನನಗೆ ಹೋಗುವ ಮನಸ್ಸು ಲವಲೇಶವೂ ಇರಲಿಲ್ಲ. ಎಲ್ಲರೂ ನನ್ನ ಹಿತಕ್ಕೇ ಹೇಳುತ್ತಿದ್ದರು. “ಹೋಗಿ ಬಾ, ಹಗುರಾಗ್ತೀ” ಅಂತ ಅವ್ವ ಹೇಳಿ ಕಳಿಸಿದಳು. ಪಕ್ಕದ ಮನೆಯವರು ದಾರಿಗೆಂದು ಶೇಂಗಾ ಹಿಂಡಿ ಕೊಟ್ಟರು. ಹೋದ ವರ್ಷ ಚೀಲ ಕಟ್ಟಿಕೊಂಡು ಕೂತಿದ್ದ ಹುಡುಗಿಗೆ ಬೇಡ ಅಂದ ಮಂದಿ, ಬೇಡ ಅನ್ನುವವಳಿಗೆ ಈಗ ಬಾಗಿಲು ತೆರೆದು ನಿಂತಿದ್ದರು. ಹೊಳೆ ದಾಟಲು ಯಾವ ಅಡ್ಡಿಯೂ ಇಲ್ಲ. ಆ ಅಡ್ಡಿ ಇಲ್ಲವಲ್ಲ ಎಂಬುದೇ ನನ್ನ ಸಂಕಟ. ಚೀಲ ಕಟ್ಟುತ್ತ ನಾನು ಕಾಯುತ್ತಿದ್ದೆ, ಯಾರಾದರೂ ಒಬ್ಬರು ಬಂದು ಹೊಳಿ ದಾಟಬ್ಯಾಡ ಅನ್ನಲಿ ಅಂತ.

ಬಸ್ಸಿನಲ್ಲಿ ಕಂಡಕ್ಟರ್ “ಎಷ್ಟ ಮಂದಿರಿ?” ಅಂದ. ಮಾಸ್ತರರು ನೋಟು ಹಿಡಿದ ಕೈ ಮುಂದೆ ಚಾಚಿ ಹಾಗೇ ಕೂತರು. “ಮಾಸ್ತರ, ಎಷ್ಟ ಅಂದೆ?” “ಎರಡು,” ಅಂದರು. ಅಷ್ಟೇ. ಟಿಕೀಟನ್ನು ಕಿಸೆಯಲ್ಲಿ ಇಡುವುದು ಮರೆತು ಕೈಯಲ್ಲೇ ಮಡಚುತ್ತ, ಬಿಚ್ಚುತ್ತ ಇದ್ದರು.

ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದಳು. ಹೊನವಾಡದಾಕೆ, ಜಮಖಂಡಿಯಲ್ಲಿ ಮಗಳ ಬಾಣಂತನಕ್ಕೆ ಹೊರಟಿದ್ದಳು, ತೊಡೆಯ ಮೇಲೆ ಅಂಟಿನುಂಡೆಯ ಡಬ್ಬಿ. ದಾರಿಯುದ್ದಕ್ಕೂ ಅಳಿಯನನ್ನು ಬೈಯುತ್ತ, ನಡುನಡುವೆ ನನ್ನನ್ನು ಓರೆಗಣ್ಣಿನಿಂದ ನೋಡುತ್ತಿದ್ದಳು. ಕೃಷ್ಣಾ ಹತ್ತಿರ ಬಂತು. ನೀರಿನ ವಾಸನೆ ಕಿಟಕಿಯಿಂದ ಬರುತ್ತಲೇ ಬಸ್ಸಿನ ಹೆಂಗಸರೆಲ್ಲ ಹೊಳೆಗೆ ಹಾಕಲು ಸೆರಗಿನ ಗಂಟು ಬಿಚ್ಚಿ ದುಡ್ಡು ತೆಗೆದರು. ನನಗೆ ಗೊತ್ತಿಲ್ಲದೆಯೇ ನನ್ನ ಎರಡೂ ಕೈ ಹೊಟ್ಟೆಯ ಮೇಲೆ ಹೋಗಿದ್ದವು. ಆ ಐದಾರು ತಿಂಗಳಲ್ಲಿ ಬಿದ್ದ ರೂಢಿ ಅದು, ಬಿಟ್ಟಿರಲಿಲ್ಲ.

ಅಜ್ಜಿ ಕೈ ನೋಡಿದಳು, ಮುಖ ನೋಡಿದಳು. ಎದ್ದು ನಿಂತೇಬಿಟ್ಟಳು.

“ಏ ಕಂಡಕ್ಟರ! ಗಾಡಿ ನಿಂದರಸು!”

“ಯಾಕ ಬೇ ಯಮ್ಮಾ, ಉಂಡಿ ಚೆಲ್ಲಿದವೇನು?”

“ಬಾಯಿ ಮುಚ್ಚು. ಇಲ್ಲೊಬ್ಬಾಕಿ ಹೊಟ್ಟೀಲೆ ಅದಾಳ. ಹೊಳಿ ದಾಟಸ್ತೀಯೇನು?”

ಸೇತುವೆಗೆ ಇನ್ನೂ ಒಂದು ಕೂಗಳತೆ ಇರುವಾಗ ಬಸ್ಸು ಗಕ್ಕನೆ ನಿಂತಿತು. ಹಿಂದಿನ ಸೀಟಿನಿಂದ ಒಬ್ಬರು, “ಸೇತುವಿ ಮ್ಯಾಲ ಹೋದ್ರ ದಾಟಿದಂಗ ಆಗೂದಿಲ್ಲ ಬಿಡ್ರಿ, ನೀರು ಮುಟ್ಟಿದ್ರ ಅಷ್ಟ” ಅಂದರು. “ನಿಮ್ಮ ಹೇಣ್ತಿನ್ನ ದಾಟಸ್ರಿ ಹಂಗಾರ!” ಅಂತ ಇನ್ನೊಬ್ಬಾಕೆ. ಡ್ರೈವರ್ ತಲೆ ಹೊರಗೆ ಹಾಕಿ, “ಲಗೂನ ಹೇಳ್ರಿ ಯಪ್ಪಾ, ಜಮಖಂಡ್ಯಾಗ ನಂದು ಊಟ ಆರತೈತಿ” ಅಂದ. ಬಸ್ಸಿಗೆ ಬಸ್ಸೇ ನನ್ನ ಕೂಸಿನ ಸಲುವಾಗಿ ಜಗಳಕ್ಕೆ ಬಿದ್ದಿತ್ತು.

ಇಲ್ಲ ಅಂತ ಒಂದು ಮಾತು ಹೇಳಬೇಕಿತ್ತು. ನನಗೆ ಹೇಳಲಾಗಲಿಲ್ಲ. ಅಷ್ಟು ಮಂದಿಯ ಕಣ್ಣಿನಲ್ಲಿ ನಾನು ಇನ್ನೂ ಬಸುರಿ. ಅಜ್ಜಿಯ ಒರಟು ಕೈ ನನ್ನ ಕೈಯ ಮೇಲಿತ್ತು, ಹೊಟ್ಟೆಯ ಮೇಲೆ. ಯಾರೋ ಒಬ್ಬರು ಬಂದು ಹೊಳಿ ದಾಟಬ್ಯಾಡ ಅಂತ ಅಂದೇ ಅಂದಿದ್ದರು.

ಅಜ್ಜಿ ಬಗ್ಗಿ ಕೇಳಿದಳು: “ಎಷ್ಟರಾಗ ಅದೀ ತಂಗಿ?”

ಬಾಯಿ ತೆರೆದೆ. ಕನ್ನಡ ಬರಲಿಲ್ಲ. ಕನ್ನಡ ಆಡಿದ್ದಕ್ಕೆ ಆ ಫೋಟೊದ ಮುಂದೆ ನಿಂತವಳು, ಅದೇ ಜಾಗಕ್ಕೆ ಹೊರಟ ಬಸ್ಸಿನಲ್ಲಿ ಒಂದು ಕನ್ನಡದ ಮಾತಿಗೆ ತಡಕಾಡಿದೆ. ಕೊನೆಗೆ ಬಂದದ್ದು, “ದೇರ್ ಈಸ್ ನೋ ಬೇಬಿ.” ಕ್ಲಾಸಿನಲ್ಲಿ ಎದ್ದು ನಿಂತು ಉತ್ತರ ಹೇಳಿದ ಹಾಗೆ, ಸ್ಪಷ್ಟವಾಗಿ.

“ಏನಂತಾಳ?” ಅಂದ ಕಂಡಕ್ಟರ್.

ಮಾಸ್ತರರು ಎದ್ದರು. ಟಿಕೀಟು ಅವರ ಮುಷ್ಟಿಯಲ್ಲಿ ಉಂಡೆಯಾಗಿತ್ತು. “ಇಲ್ರಿ ಅಜ್ಜಿ,” ಅಂದರು. “ಇತ್ತು. ಈಗಿಲ್ಲ. ದಾಟಬಹುದು.”

ಡ್ರೈವರ್ ತಲೆ ಒಳಗೆ ಎಳೆದುಕೊಂಡ. ಅಜ್ಜಿ ಕೂತಳು. ಅಯ್ಯೋ ಅನ್ನಲಿಲ್ಲ, ದೇವರ ಮೇಲೆ ಹಾಕಲಿಲ್ಲ. ಹೊಳೆಗೆಂದು ತೆಗೆದಿದ್ದ ತನ್ನ ನಾಣ್ಯವನ್ನು ನನ್ನ ಅಂಗೈಯಲ್ಲಿಟ್ಟು, ಸೇತುವೆಯ ನಡುವೆ ಬಂದಾಗ, “ಒಗಿ ಯವ್ವಾ” ಅಂದಳು. ಒಗೆದೆ. ಜಮಖಂಡಿಯಲ್ಲಿ ಇಳಿಯುವಾಗ ಮಗಳ ಡಬ್ಬಿಯಿಂದ ಎರಡು ಉಂಡೆ ತೆಗೆದು ನನ್ನ ಸೆರಗಿಗೆ ಹಾಕಿದಳು. “ನೀನೂ ಬಾಣಂತಿನs ಬೇ. ತಿನ್ನು.” ನನ್ನನ್ನು ಹಾಗೆ ಕರೆದವರು ಅವಳೊಬ್ಬಳೇ.

ಫಾಲ್ಸ್ ಕಾಣುವ ಮೊದಲೇ ಕೇಳಿತು. ಮೊದಲು ಎಲ್ಲೋ ಹಿಟ್ಟಿನ ಗಿರಣಿ ನಡೆದ ಹಾಗೆ, ಹತ್ತಿರ ಹೋದಂತೆ ಅಂಗಾಲಿನಿಂದ ಏರಿ ಎದೆಯೊಳಗೆ ಬಂದ ಹಾಗೆ. ಬಂಡೆಯ ತುದಿಗೆ ಬಂದು ನಿಂತೆ. ಫೋಟೊದಲ್ಲಿ ಅದು ಬೆಳ್ಳಗೆ, ಸಿಸ್ಟರ್‌ಗಳ ವೇಲಿನ ಹಾಗಿತ್ತು. ನಿಜವಾದದ್ದು ಕೆಂಪು, ರಾಡಿ ರಾಡಿ. ಯಾರ ಯಾರ ಊರಿನ ಮಣ್ಣನ್ನೋ ಬಾಚಿಕೊಂಡು ಬಂದು ತಲೆಕೆಳಗಾಗಿ ಬೀಳುತ್ತಿತ್ತು. ಚೆಂದ ಅಂತ ಅನ್ನಿಸಲಿಲ್ಲ. ಅಂಜಿಕೆಯೂ ಆಗಲಿಲ್ಲ. ಇಷ್ಟು ನೀರು, ಇಷ್ಟು ಸದ್ದು, ಇದನ್ನೆಲ್ಲ ನಾನು ಒಬ್ಬಳಿಗೆ ಹೇಳಿದ್ದೆನಲ್ಲ, ತಪ್ಪು ಹೇಳಿದ್ದೆ, ಬಣ್ಣವನ್ನೇ ತಪ್ಪು ಹೇಳಿದ್ದೆ ಅಂತ ಅನ್ನಿಸಿತು.

ತೂಗು ಸೇತುವೆಯ ಹತ್ತಿರ ಹೋದೆವು. ಅದರ ಮೇಲೆ ಒಬ್ಬ ಗಂಡಸು ಕೂಸನ್ನು ಎತ್ತಿಕೊಂಡು ನಿಂತಿದ್ದ. ನಾವಿಬ್ಬರೂ ಒಂದೇ ಸಲ ನೋಡಿದೆವು. ಮಾಸ್ತರರು ಆ ಕಡೆ ಕಾಲಿಡಲಿಲ್ಲ.

ಮೇಲಿನ ಹರಿವಿನ ದಂಡೆಯಲ್ಲಿ ಒಂದು ಬಂಡೆಯ ಮೇಲೆ ಕೂತು ಅತ್ತೆ ಕಟ್ಟಿಕೊಟ್ಟ ಗಂಟು ಬಿಚ್ಚಿದೆ. ಹಸಿರು ಕುಬಸದ ಕಣ, ಅಕ್ಕಿ, ಉತ್ತತ್ತಿ, ಅರಿಷಿಣದ ಬೇರು, ಕೊಬ್ಬರಿ ಬಟ್ಟಲು, ಹಸಿರು ಬಳೆ. ಎಲ್ಲದರ ಕೆಳಗೆ, ಸಣ್ಣಗೆ ಮಡಚಿ, ಆ ಕೆಂಪು ಕುಂಚಿಗೆ.

ಅತ್ತೆ ಹೇಳಿರಲಿಲ್ಲ. ಹೇಳಿದ್ದರೆ ನಾನು ತರುತ್ತಿರಲಿಲ್ಲ ಅಂತ ಅವರಿಗೆ ಗೊತ್ತಿತ್ತು.

ಉಡಿಯನ್ನು ಹೊಳೆಗೆ ಬಿಟ್ಟೆ. ಕುಬಸದ ಕಣ ಒಂದು ಗಳಿಗೆ ಹಸಿರಾಗಿ ತೇಲಿ, ಅಂಚಿಗೆ ಹೋಗಿ ಕಾಣದಾಯಿತು. ಕುಂಚಿಗೆ ಮುಷ್ಟಿಯಲ್ಲಿ ಹಿಡಿದು ನೀರಿನ ಮೇಲೆ ಕೈ ಚಾಚಿದೆ. ಗೊಂಡೆ ಗಾಳಿಗೆ ಹಾರಾಡುತ್ತಿತ್ತು. ಫಾಲ್ಸಿನ ಗಾಳಿಗೆ ಕಿವಿ ಮುಚ್ಚಲಿ ಅಂತ ಹೊಲಿದದ್ದು, ಅದೇ ಗಾಳಿ. ಬೆರಳು ಬಿಚ್ಚಲಿಲ್ಲ. “ಏನ ಮಾಡಲ್ರಿ?” ಅಂತ ಕೂಗಿದೆ, ನನ್ನ ದನಿ ನನಗೇ ಕೇಳಲಿಲ್ಲ. ಗುಮ್ಮಟದ ಊರಿನವಳು ನಾನು, ಆಡಿದ ಮಾತು ತಿರುಗಿ ಬರುತ್ತದೆ ಅಂತ ತಿಳಿದು ಬೆಳೆದವಳು. ಇಲ್ಲಿ ಹೋದದ್ದು ಹೋಯಿತು.

ಅವರತ್ತ ತಿರುಗಿದೆ. ಮಾಸ್ತರರು ನನ್ನಿಂದ ಒಂದು ಮಾರು ದೂರದಲ್ಲಿ, ಮುಖ ಮೇಲೆತ್ತಿ, ಬಾಯಿ ತೆರೆದು ಅಳುತ್ತಿದ್ದರು. ದವಾಖಾನೆಯಲ್ಲಿ ಅಳದವರು, ಟವೆಲು ಎತ್ತಿಕೊಂಡಾಗ ಅಳದವರು, ಮರುವಾರವೇ ಸಾಲಿಗೆ ಹೋಗಿ ಬೋರ್ಡಿನ ಮೇಲೆ ಲೆಕ್ಕ ಬರೆದವರು. ಕೊರಳಿನ ನರ ಉಬ್ಬಿತ್ತು, ಹೆಗಲು ಕುಣಿಯುತ್ತಿತ್ತು. ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು ಅಂತ ಕಣ್ಣಿಗೆ ಕಾಣುತ್ತಿತ್ತು. ಒಂದು ಎಳೆ ಸದ್ದೂ ನನ್ನ ಕಿವಿಗೆ ಬೀಳಲಿಲ್ಲ. ಸಿಸ್ಟರ್ ಹೇಳಿದ್ದು ಅಕ್ಷರಶಃ ನಿಜ. ಅಲ್ಲಿ ಯಾರಿಗೂ ಕೇಳುವುದಿಲ್ಲ ಅಂತ ಗೊತ್ತಾದ ಮೇಲೆಯೇ ಅವರು ಅತ್ತದ್ದು. ನಾನು ಹತ್ತಿರ ಹೋಗಿ ತೋಳು ಹಿಡಿದೆ. ಏನು ಕೂಗಿದರೋ, ಯಾರನ್ನು ಕರೆದರೋ, ಆಮೇಲೆ ಎಷ್ಟೋ ವರ್ಷ ಕೂಡಿ ಬಾಳಿದರೂ ನಾನು ಕೇಳಲಿಲ್ಲ. ಈಗ ಕೇಳಬೇಕೆಂದರೆ ಅವರಿಲ್ಲ.

ಮನೆಗೆ ಬಂದಾಗ ಅತ್ತೆ ಹೊಸ್ತಿಲ ಮೇಲೇ ಕೂತಿದ್ದರು. ಫಾಲ್ಸ್ ಹೇಗಿತ್ತು ಅಂತ ಕೇಳಲಿಲ್ಲ.

“ಉಡಿ ಮುಟ್ಟಿತೇನು?”

“ಮುಟ್ಟಿತ್ರಿ.”

“ಎಲ್ಲಾನೂ?”

“ಒಂದು ಉಳೀತ್ರಿ, ಅತ್ತಿ.” ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕುಂಚಿಗೆ ತೆಗೆದು ತೋರಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅದನ್ನು ಕೈಗೆ ತೆಗೆದುಕೊಂಡು, ತೇವ ಇದೆಯೇ ಅಂತ ಗಲ್ಲಕ್ಕೆ ಹಚ್ಚಿ ನೋಡಿ, “ಉಳೀಲಿ,” ಅಂದರು.

ಎರಡು ವರ್ಷದ ಮೇಲೆ ನಾನು ಮತ್ತೆ ಬಸುರಿಯಾದೆ. ಈ ಸಲ ಡೋಣಿ ಹೊಳೆಯೇ. ಅದರಲ್ಲಿ ಅತ್ತೆಯದು ಎರಡು ಮಾತಿಲ್ಲ. ತವರಿಗೆ ಕಳಿಸುವ ಪದ್ಧತಿ ಮುರಿದು, ಅವ್ವನನ್ನೇ ಬಬಲೇಶ್ವರಕ್ಕೆ ಕರೆಸಿದರು. “ಬೀಗತಿ, ನೀವು ದಾಟಿ ಬರ್ರಿ. ನಿಮಗೇನೂ ಆಗೂದಿಲ್ಲ,” ಅಂದರು. ಎರಡು ಕೋಣೆಯ ಆ ಮನೆಯಲ್ಲಿಯೇ ಮಗ ಹುಟ್ಟಿದ. ಅತ್ತ. ಓಣಿಗೆಲ್ಲ ಕೇಳುವ ಹಾಗೆ ಅತ್ತ. ಮಾಸ್ತರರು ಹೊರಗೆ ಕಟ್ಟೆಯ ಮೇಲೆ ಕೂತು ಆ ಅಳು ಕೇಳುತ್ತಿದ್ದರಂತೆ, ಸುಮ್ಮನಾಗಿಸಬ್ಯಾಡ್ರಿ ಅನ್ನುತ್ತಿದ್ದರಂತೆ.

ಚಳಿಗಾಲ. ಕೂಸಿನ ಕಿವಿ ತಣ್ಣಗಾಗಿದ್ದವು. ನಾನು ಮಲಗಿದಲ್ಲಿಂದಲೇ ಟ್ರಂಕಿನ ಮುಚ್ಚಳ ಎತ್ತಿ ಕೆಂಪು ಕುಂಚಿಗೆಗೆ ಕೈ ಹಾಕಿದೆ. ಅತ್ತೆ ಬಂದು ಮುಚ್ಚಳ ಮೆಲ್ಲಗೆ ಇಳಿಸಿದರು.

“ಅದು ಅಕಿದು,” ಅಂದರು.

ಆಮೇಲೆ ಕತ್ತರಿ ತಂದು, ಉಟ್ಟ ಸೀರೆಯ ಸೆರಗನ್ನೇ ಮುಂದಕ್ಕೆ ಎಳೆದುಕೊಂಡು, ಮೊಮ್ಮಗನ ತಲೆಯ ಅಳತೆ ನೋಡತೊಡಗಿದರು.